ಕುತ್ತಿಗೆ ಕಡಿಯುವ ವಾಕ್ಯ

ಬೀಜಾಡಿ, ೧೪-೮-೨೦೧೧, ಭಾನುವಾರ

ನಾನು ಆಡುವ ಅಂತರಜಾಲದ ಯುದ್ಧದಾಟದ ಬಗ್ಗೆ ಆಟಗಾರರೇ ಸೇರಿ ಬರೆಯುವ ವಿಕಿಯಲ್ಲಿ, ‘ರಾಕ್ಷಸನ ಕುತ್ತಿಗೆಯನ್ನೇ ಮೊದಲು ಕಡಿಯತಕ್ಕದ್ದು’ ಎಂದು ನಾನು ನಮೂದಿಸಿದ್ದ ವಾಕ್ಯವನ್ನು ಯಾರೋ ಮೂರನೆಯ ಬಾರಿ ಅಳಿಸಿದ್ದರು. ನಲವತ್ತು ವರ್ಷ ಅರ್ಜಿಗಳನ್ನು ನಕಲು ಮಾಡಿದ ನನ್ನ ಬರಹವನ್ನು ಯಾವ ಅಧಿಕಾರಿಯೂ ತಿದ್ದಿದ್ದಿಲ್ಲ. ಅಳಿಸಿದವನ ಬೆರಳುಗಳನ್ನು ಒಂದೊಂದಾಗಿ ಮುರಿಯುವೆನೆಂದು ಮನೆಯಲ್ಲಿ ಗುಡುಗಿದೆ.

‘ಅಳ್ಸದ್ದ್ ನಾನೇ, ಅಜ್ಜಯ್ಯ,’ ಎಂದಳು ಮೊಮ್ಮಗಳು ಚೇತನಾ. ‘ಕುತ್ಗಿ ಕಡದ್ರೆ ಅವ್ನಿಗೆ ಮತ್ತೆರಡ್ ತಲಿ ಬತ್ತ್. ನೀವ್ ಬರ್ದದ್ದ್ ನಂಬಿ ನಮ್ಮ್ ಪಡೆ ಪೂರಾ ಸತ್ತ್ ಹೋಯ್ತ್. ರಾಕ್ಷಸನಿಗೆ ನಿಮ್ಮ್ ತಕ್ಕದ್ದೆಲ್ಲ ಗೊತ್ತಿಲ್ಲೆ.’

ನನ್ನ ಕೈ ಹೊಡೆಯಲು ಮೇಲೆದ್ದಿತ್ತು. ಆಟದ ಪರದೆಯ ತುಂಬ ಅವಳ ಪಡೆಯ ಹೆಣಗಳು ಬಿದ್ದಿದ್ದವು. ಕೈಯನ್ನು ಇಳಿಸಿದೆ.

‘ನೀ ಬರ್ದದ್ದೇ ಇರ್ಲಿ, ಮಗಾ.’

ಆದರೂ ಅವಳು ಮುಖಕ್ಕೆ ಅಡ್ಡ ಹಿಡಿದ ತೋಳನ್ನು ಬಹಳ ಹೊತ್ತು ಇಳಿಸಲಿಲ್ಲ. ಅದನ್ನು ನಾನು ಇಲ್ಲಿ ಅಳಿಸದೆ ನಮೂದಿಸತಕ್ಕದ್ದು.