ಬೆರಳಿಗೆ ಸಿಕ್ಕ ಮೂಳೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ನಾನು ಕಟಿಂಗ್ ಶಾಪಿನವನು, ಮೆಟ್ಟಿಲಿಂದ ಬಿದ್ದು ತಲೆ ಒಡ್ಕೊಂಡು ನಿಮ್ಮ ಹತ್ರ ಬಂದನಲ್ಲ, ಅವನ ಅಣ್ಣ. ಬರೆಯೋಕೆ ಕೂತ್ರೆ ನಂಗೆ ಕೈ ಓಡಲ್ಲ, ಬಾಯಿ ಓಡುತ್ತೆ. ಅದಕ್ಕೇ ಈ ಪತ್ರಾನ ಫೋನಲ್ಲಿ ಮಾತಾಡಿ ಕಳಿಸ್ತಿದೀನಿ.

ಅವನ ಬುರುಡೆ ತೂತಲ್ಲಿ ಮೂಳೆ ಬೆಳೆಸೋ ಪ್ರೋಟೀನಲ್ಲಿ ಅದ್ದಿದ ಸ್ಪಂಜು ಇಟ್ರಲ್ಲ, ಅದು ಕೆಲಸ ಮಾಡಿದೆ. ನಿಮಗೆ ಸ್ಕ್ಯಾನ್ ಹೇಳ್ತು, ನನಗೆ ಬೆರಳೇ ಹೇಳ್ತು. ಮೊದಲು ಅಲ್ಲಿ ಮುಟ್ಟಿದ್ರೆ ಎಳೇ ಮಗು ನೆತ್ತಿ ಥರ ಮಿಡೀತಿತ್ತು. ನಿನ್ನೆ ಕೂದಲು ಕತ್ತರಿಸ್ತಾ ಮುಟ್ಟಿದ್ರೆ ಗಟ್ಟಿ! "ಮುಚ್ಕೊಂಡಿದೆ ಕಣೋ!" ಅಂತ ಕೂಗಿಬಿಟ್ಟೆ.

ಅವನು ಕನ್ನಡೀಲಿ ನನ್ನನ್ನೇ ನೋಡ್ತಾ, "ನಿಮ್ಮ ಕೈ ಹಗುರ ಸಾರ್. ನಮ್ಮಣ್ಣನೂ ಇದೇ ಕೆಲಸ ಮಾಡ್ತಾನೆ, ಬಾಯಿಗೆ ಮಾತ್ರ ಬಿಡುವೇ ಇಲ್ಲ. ಯಾವಾಗ ಬರ್ತಾನೋ ಏನೋ" ಅಂದ.

ನಗು ಬಂತು. ಆಮೇಲೆ ಕತ್ತರಿ ಕೆಳಗಿಟ್ಟೆ.

ತಪ್ಪು ನಂದೇ. "ಬೆಳೆಯೋದು ಮೂಳೆ ಮಾತ್ರ" ಅಂತ ನೀವು ಮೊದಲೇ ಹೇಳಿದ್ರಿ. ನಾನು ತಲೆ ಸರಿಹೋಗುತ್ತೆ, ಬಿದ್ದಾಗ ಹೋದ ನೆನಪೂ ವಾಪಸ್ ಬರುತ್ತೆ ಅಂತ ಕೇಳಿಸ್ಕೊಂಡೆ, ಮನೇಲೂ ಹಾಗೇ ಹೇಳ್ದೆ.

ಒಂದು ಉಪಕಾರ ಮಾಡಿ. "ನಾನೇ ಕಣೋ ನಿಮ್ಮಣ್ಣ" ಅಂತ ಅವನಿಗೆ ಹೇಳಿದ್ರೆ, "ತಮಾಷೆ ಮಾಡ್ಬೇಡಿ ಸಾರ್" ಅಂತಾನೆ. ನಿಮ್ಮ ಮಾತಂದ್ರೆ ಅವನಿಗೆ ನಂಬಿಕೆ. ಸೋಮವಾರ ಬಂದಾಗ ನನ್ನನ್ನ ತೋರಿಸಿ, ಇವರೇ ನಿಮ್ಮಣ್ಣ ಅಂತ ಒಂದ್ಸಲ ಹೇಳಿ. ನಂಬದಿದ್ರೆ ಬಲವಂತ ಬೇಡ. ಅವನಣ್ಣ ಬರೋ ತನಕ ಈ ಕಟಿಂಗ್ ಶಾಪಿನವನೇ ನೋಡ್ಕೊಳ್ತಾನೆ ಅಂತ ಹೇಳಿಬಿಡಿ.

ಇಷ್ಟೇ ಹೇಳೋದಿತ್ತು,
ಕಟಿಂಗ್ ಶಾಪಿನವನು