ಟೆಂಟಿಗೆ ಸಗಣಿ ಮೆತ್ತಿದ ಯೇಯೋಗೆ

ನನ್ನ ಹೆತ್ತ ಯೇಯೋ,

ಈ ಪತ್ರವನ್ನು ನಿನಗೆ ಓದಿ ಹೇಳುವವಳು ಅತ್ತಿಗೆ ನೋಲ್ಮೊಂಗಿ. ಅತ್ತಿಗೆ, ಒಂದು ಸಾಲನ್ನೂ ನುಂಗಬೇಡ, ನಿನ್ನದೊಂದನ್ನೂ ಸೇರಿಸಬೇಡ. ಯೇಯೋ, ನೀನು ಮಧ್ಯೆ ಎದ್ದು ಕರು ಕಟ್ಟಲು ಹೋಗಬೇಡ.

ನಾನು ಕೇಳಿದ್ದು ಒಂದೇ ಮಾತು. ಅಪ್ಪ ಬಿಟ್ಟುಹೋದ ಗುಡ್ಡದ ಮೇಲೆ ನಾವು ಹೆಂಗಸರು ಸೇರಿ ಐದು ಟೆಂಟುಗಳ ಲಾಡ್ಜು ನಡೆಸುತ್ತೇವೆ, ಒಪ್ಪಿಗೆ ಕೊಡು ಎಂದು. ಇಷ್ಟು ವರ್ಷ ಮಾರಾ ಕಾಡಿನ ಅಂಚಿನಲ್ಲಿ ಬೇರೆಯವರ ಟೆಂಟು ಎಬ್ಬಿಸಿ, ಬೇರೆಯವರ ಹಾಸಿಗೆ ಹಾಸಿದವಳು ನಾನು. ಇನ್ನು ನಮ್ಮದನ್ನು ಎಬ್ಬಿಸುವ ಧೈರ್ಯ ನನಗಿದೆ. ನೀನು ಹೌದು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. "ಮೊದ್ಲು ಒಂದು ರಾತ್ರಿ ಮಲಗಿ ನೋಡ್ತೀನಿ, ಆಮೇಲೆ ಮಾತು" ಎಂದೆ.

ನಾನು ಕೆಲಸ ಮಾಡುವ ಲಾಡ್ಜಿನಲ್ಲಿ ಪ್ರವಾಸಿಗರ ಹಂಗಾಮು ಶುರುವಾಗುವ ಮುನ್ನ ಕೆಲಸದವರ ಮನೆಮಂದಿಯನ್ನೇ ಅತಿಥಿಗಳಾಗಿ ಮಲಗಿಸುತ್ತಾರಲ್ಲ, ಎಲ್ಲಿ ಸೋರುತ್ತದೆ, ಯಾವ ಜಿಪ್ಪು ಸಿಕ್ಕಿಕೊಳ್ಳುತ್ತದೆ ಎಂದು ತಿಳಿಯಲು, ಆ ರಾತ್ರಿಗೆ ನೀನು ಬಂದೆ. ಕತ್ತಲಾದ ಮೇಲೆ ಟೆಂಟಿನವರೆಗೆ ಬಿಟ್ಟುಬರಲು ಈಟಿ ಹಿಡಿದು ನಿಂತ ಕಾವಲುಗಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಿಂಹದಿಂದ ನನ್ನ ಕಾಯೋಕೆ ನೀನಾ? ನಿನ್ನ ಮೂಗು ಒರೆಸಿದೋಳೇ ನಾನು!" ಎಂದೆ. ಪಾಪ, ಅವನು ಈಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಒಳಗೆ ಹೋಗಿ ಬಟ್ಟೆಯ ಗೋಡೆ ಮುಟ್ಟಿ ನೋಡಿ, "ಕಂಬ ಕಡಿಮೆ, ಜಂಬ ಜಾಸ್ತಿ" ಎಂದೆ. ನನಗೆ ಪ್ರಾಸದ ಚಟ ಎಲ್ಲಿಂದ ಬಂತೆಂದು ಇನ್ನು ಯಾರೂ ಕೇಳಬೇಕಿಲ್ಲ.

ಬೆಳಿಗ್ಗೆ ನಾನು ಚಹಾ ಹಿಡಿದು ಬರುವಷ್ಟರಲ್ಲಿ ನೀನು ಗೇಟಿನಾಚೆಯ ದನಗಳ ಸಗಣಿ ತಂದು, ಬೂದಿ ಕಲಸಿ, ಗಾಳಿ ಬರುವ ಪಕ್ಕಕ್ಕೆ ಎದೆಮಟ್ಟ ಮೆತ್ತಿ ಮುಗಿಸಿದ್ದೆ. ಮದುವೆಯಾದ ದಿನದಿಂದ ನೀನೇ ಕಟ್ಟಿ, ನೀನೇ ಮೆತ್ತಿದ ಮನೆಗಳಲ್ಲಿ ಮಲಗಿದವಳು. ಗಾಳಿ ನುಗ್ಗುವ ಗೋಡೆ ಕಂಡರೆ ನಿನ್ನ ಕೈ ಸುಮ್ಮನಿದ್ದೀತೆ? ಮ್ಯಾನೇಜರ್ ಗಾಥೋಗೊ ಚಪ್ಪಲಿಯನ್ನೂ ಮರೆತು ಓಡಿಬಂದ.

"ಅಯ್ಯೋ ಅಮ್ಮಾ, ಇದು ಕ್ಯಾನ್ವಾಸು! ಮಧ್ಯಾಹ್ನ ಅತಿಥಿಗಳು ಬರ್ತಾರೆ!"

"ಬರ್ಲಿ ಬಿಡಪ್ಪ. ಅಷ್ಟೊತ್ತಿಗೆ ಒಣಗಿರುತ್ತೆ."

ನಾನು ನಕ್ಕುಬಿಟ್ಟೆ. ನೀನು ಕೈ ಒರೆಸಿಕೊಂಡು, ಚಹಾ ಮುಟ್ಟದೆ ಹೊರಟೆ. ಹೋಗುವಾಗ ಹೇಳಿದ್ದು ಇಷ್ಟೇ: "ಇಂಥೋರು ಬಟ್ಟೆ ಮಡಚ್ಕೊಂಡು ಹೋಗ್ತಾರೆ, ನೆಲದಲ್ಲಿ ತೋಡಿದ ಗುಂಡಿ ನಮಗೆ ಬಿಡ್ತಾರೆ. ಆಗ ದನ ಎಲ್ಲಿ ಮೇಯ್ಬೇಕು?"

ನಾನು ನಕ್ಕಿದ್ದು ಗಾಥೋಗೊನ ಮುಖ ನೋಡಿ ಯೇಯೋ, ನಿನ್ನ ಕೆಲಸ ನೋಡಿ ಅಲ್ಲ. ನೀನು ಹೋದ ಮೇಲೆ ಅವನು, "ಯಾರನ್ನಾದ್ರೂ ಕರೆದು ತೊಳೆಸು" ಎಂದ. "ನಮ್ಮಲ್ಲಿ ಮೆತ್ತಿದೋಳದ್ದೇ ಮನೆ. ಕಂಡಕಂಡೋರು ಕೈ ಹಾಕೋ ಹಾಗಿಲ್ಲ" ಎಂದೆ ನಾನು. "ಹಾಗಾದ್ರೆ ಇದು ನಿಮ್ಮಮ್ಮನ ಟೆಂಟಾ?" "ಇವತ್ತಿಗೆ ಹೌದು ಬಾಸ್." ಅತಿಥಿಗಳಿಗೆ ಬೇರೆ ಟೆಂಟು ಕೊಟ್ಟ. ಸಂಜೆ ನಾನೊಬ್ಬಳೇ ಕೆರೆದು ತೆಗೆದೆ. ಮಗಳಿಗೆ ಅಷ್ಟು ಹಕ್ಕಿದೆ. ಈ ಬಟ್ಟೆ ಉಸಿರಾಡಬೇಕು, ಮೆತ್ತಿದರೆ ಒಳಗೊಳಗೇ ಕೊಳೆಯುತ್ತದೆ. ಇದೊಂದು ವಿಷಯ ನಿನಗಿಂತ ನನಗೆ ಚೆನ್ನಾಗಿ ಗೊತ್ತು.

ದನದ ಮಾತು ಮಾತ್ರ ನಿಜ. ಪಕ್ಕದ ಗುಡ್ಡದಲ್ಲಿ ಬೇಲಿ ಬಂದದ್ದನ್ನೂ, ದನ ದೂರವಾದದ್ದನ್ನೂ ನಾನೂ ಕಂಡಿದ್ದೇನೆ. ಅದಕ್ಕೇ ನಮ್ಮ ಲಾಡ್ಜಿಗೆ ಬೇಲಿಯಿಲ್ಲ, ಸಿಮೆಂಟಿಲ್ಲ. ಟೆಂಟನ್ನು ಮಡಚಬಹುದು ಎಂದು ನೀನು ಹೆದರುತ್ತೀಯ, ಮಡಚಬಹುದು ಎಂದೇ ನಾನು ನಂಬಿದ್ದೇನೆ. ಮಳೆ ಕೈಕೊಟ್ಟು ಹಸುಗಳಿಗೆ ಗುಡ್ಡ ಬೇಕಾದ ದಿನ, ಒಳಗೆ ಯಾರು ಮಲಗಿದ್ದರೂ ಎಬ್ಬಿಸಿ ಗೂಟ ಕೀಳುತ್ತೇನೆ. ಮೆತ್ತಿದ ಮನೆಗಳನ್ನು ಬಿಟ್ಟು ನೀನು ಹುಲ್ಲಿನ ಹಿಂದೆ ನಡೆದಿಲ್ಲವೇ?

ನೀನು ಬೇಡವೆಂದರೆ ಒಂದು ಗೂಟವನ್ನೂ ನೆಡುವುದಿಲ್ಲ. ಆದರೆ ಬೇಡ ಎನ್ನಲು ನೀನೇ ಬರಬೇಕು. ಅತ್ತಿಗೆಯ ಕೈಲಿ ಹೇಳಿಕಳಿಸಿದರೆ ನನಗೆ ಕಿವಿ ಕೇಳುವುದಿಲ್ಲ. ಶುಕ್ರವಾರ ದನ ನೀರಿಗಿಳಿಯುವ ಹೊತ್ತಿಗೆ ಸುತ್ತಿಗೆ ಹಿಡಿದು ಗುಡ್ಡದ ಮೇಲಿರುತ್ತೇನೆ. ದನಗಳ ದಾರಿ ಎಲ್ಲೆಲ್ಲಿ ಎಂದು ಮೊದಲು ನೀನು ನಡೆದು ತೋರಿಸು, ಉಳಿದ ಜಾಗ ಟೆಂಟಿಗೆ. ಇಲ್ಲವೇ ಸುತ್ತಿಗೆ ಕಸಿದುಕೊಂಡು ಮನೆಗೆ ಹೋಗು. ಯಾವುದಾದರೂ ಸರಿ, ಹೋಗುವ ಮುನ್ನ ನನ್ನ ತಲೆಯ ಮೇಲೆ ಕೈಯಿಡು. ವಯಸ್ಸು ನಲವತ್ತೈದಾದರೂ ನಿನ್ನೆದುರು ಬಗ್ಗುವಷ್ಟು ಸೊಂಟ ಗಟ್ಟಿಯಿದೆ.

ನಿನ್ನ ದೊಡ್ಡಿ ತುಂಬಲಿ, ಹಾಲಿನ ಸೋರೆಬುರುಡೆ ತುಳುಕಲಿ.

ತಲೆ ಬಾಗಿಸಿ ಕಾಯುವ,
ನಿನ್ನ ರೆಸಿಯಾತೊ