ಉಡಿಯಲ್ಲಿ ಅಕ್ಕಿ ಇದ್ದಾಗ ಆಡಿದ ಮಾತು

ಬನಹಟ್ಟಿ
ಮಂಗಳವಾರ, 10 ಡಿಸೆಂಬರ್ 2024

ನನ್ನ ಮುದ್ದು ಮಮ್ಮಿಗೆ, ನಿನ್ನ ರಾಜಿಯಿಂದ ರಾಶಿ ರಾಶಿ ಮುತ್ತುಗಳು!

ನಗಬೇಡ, ಖರೇನೇ ಪತ್ರ ಬರೆಯುತ್ತಿದ್ದೇನೆ. ಈ ಮನೆಯ ಹಿತ್ತಿಲಲ್ಲೇ ಮಗ್ಗಗಳು. ಅವು ಓಡುವಾಗ ಫೋನಿನಲ್ಲಿ ಕೂಗಿ ಮಾತಾಡಬೇಕು, ಕರೆಂಟ್ ಹೋದಾಗ ಪಿಸುಗುಟ್ಟಿದರೂ ಪಡಸಾಲೆಗೆ ಕೇಳಿಸುತ್ತದೆ. ಇವರು ನಕ್ಕರೆ ಎಷ್ಟು ಚಂದ ಕಾಣುತ್ತಾರೆ ಅಂತ ಮೊನ್ನೆ ನಿನಗೆ ಹೇಳಿದ್ದನ್ನು ಮಾವನವರೂ ಕೇಳಿಸಿಕೊಂಡು, ಕೆಮ್ಮಿ ಹೊರಗೆ ಎದ್ದು ಹೋದರು! ಅದಕ್ಕೇ ಈ ಕಾಗದ. ಮೈದುನ ದುಂಡೇಶ ನಾಳೆ ಮುಧೋಳಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ಲಕೋಟೆಯ ಅಂಟು ಬಿಚ್ಚಿದ್ದರೆ ನನಗೆ ಹೇಳು.

ಇವರು ಆರಾಮ. ಅತ್ತೆಯವರ ಮುಂದೆ ಹೆಸರು ಹಿಡಿಯಬಾರದಂತೆ, ಕಾಗದದಲ್ಲಾದರೂ ಬರೆದುಕೊಳ್ಳುತ್ತೇನೆ: ಬಸವಕುಮಾರ, ಬಸವಕುಮಾರ, ಬಸವಕುಮಾರ! ದಿನಾ ಬೆಳಿಗ್ಗೆ ಬೈಕ್ ಹತ್ತಿ ಜಮಖಂಡಿಯ ಸೊಸೈಟಿ ಕೆಲಸಕ್ಕೆ ಹೋಗುತ್ತಾರೆ, ಸಂಜೆ ಧೂಳು ತುಂಬಿಕೊಂಡು ಬರುತ್ತಾರೆ. ಆ ಧೂಳೂ ನನಗೆ ಇಷ್ಟ, ಏನು ಮಾಡಲಿ!

ಈಗ ವಿಷಯಕ್ಕೆ ಬರುತ್ತೇನೆ. ನನ್ನ ತಲೆ ಕೆಟ್ಟು ಹೋಗಿದೆ, ಮಮ್ಮಿ. ವಿಷಯ ಜಮಖಂಡಿಯ ಮನೆಯದು. ಮದುವೆಯಲ್ಲಿ ಅದನ್ನು ನನ್ನ ಹೆಸರಿಗೆ ಮಾಡಿಕೊಟ್ಟು, "ಬಾಡಿಗಿ ನಿನ್ನ ಕೈಯಾಗ ಬರಲಿ, ಯಾರ ಮುಂದೂ ಕೈ ಚಾಚಬ್ಯಾಡ" ಎಂದು ನೀನು ಹೇಳಿದಾಗ ನಾನು ಎಷ್ಟು ಅತ್ತಿದ್ದೆ! ನೀನು ಕಲಿಸಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. ಕರಾರು ಹನ್ನೊಂದು ತಿಂಗಳಿಗೆ, ಮುಗಿಯುವ ಮೊದಲೇ ಮಾತು. ಲೈಟ್ ಮೀಟರ್ ಬೇರೆ. ಬಂದ ಬಾಡಿಗೆಯನ್ನೆಲ್ಲ ಖರ್ಚು ಮಾಡದೆ ರಿಪೇರಿಗೆ ಒಂದಿಷ್ಟು ತೆಗೆದಿಡಬೇಕು. ಹೊಸಬರು ಕೇಳಿ ಬಂದರೆ ಅವರು ಮೊದಲಿದ್ದ ಮನೆಯ ಮಾಲೀಕರನ್ನು ವಿಚಾರಿಸಬೇಕು. ಗೋಡೆ, ನಲ್ಲಿ, ಬಾಗಿಲು, ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಬೇಕು. ಕೊನೆಗೆ ಒಂದು ಮಾತು ಹೇಳಿದ್ದೆ: "ಹೊಸ್ತಲದ ಹೊರಗ ನಿಂತ ಮಾತಾಡು. ಒಳಗ ಕುಂತಿ ಅಂದ್ರ ಕೆಟ್ಟಿ." ಅದು ಯಾಕೆ ಅಂತ ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಅಲ್ಲಿ ಬಾಡಿಗೆಗಿರುವ ಶಂಕ್ರೆವ್ವನ ಕರಾರು ಈ ತಿಂಗಳಿಗೆ ಮುಗಿಯುತ್ತದೆ. ಕಾಲೇಜಿನ ಲೆಕ್ಚರರ್ ಒಬ್ಬರು ಮನೆ ಕೇಳುತ್ತಿದ್ದಾರೆ, ಬಾಡಿಗೆಯೂ ಜಾಸ್ತಿ ಕೊಡುತ್ತಾರೆ ಅಂತ ನಿನಗೆ ಫೋನಿನಲ್ಲಿ ಹೇಳಿದ್ದೆನಲ್ಲ? ಅದಕ್ಕೇ ಭಾನುವಾರ ನಾವಿಬ್ಬರೂ ಜಮಖಂಡಿಗೆ ಹೋದೆವು. ಇವರು ಓಣಿಯ ತುದಿಯಲ್ಲೇ ಬೈಕ್ ನಿಲ್ಲಿಸಿ, "ನಿನ್ನ ಮನಿ, ನೀನ ಮಾತಾಡು" ಎಂದರು. ಎಷ್ಟು ಒಳ್ಳೆಯವರು ನೋಡು!

ನಾನು ಹೊಸ್ತಿಲಲ್ಲೇ ನಿಂತೆ, ಆಣೆ. ಶಂಕ್ರೆವ್ವ ಒಲೆಯ ಮುಂದೆ ಖಾನಾವಳಿಗಳಿಗೆ ಕೊಡುವ ಖಡಕ್ ರೊಟ್ಟಿ ಸುಡುತ್ತಿದ್ದಳು. ಜೊತೆಗೆ ಓಣಿಯ ಹೆಂಗಸರಿಬ್ಬರು ಕೂತು ರೊಟ್ಟಿ ಬಡಿಯುತ್ತಿದ್ದರು. ಗೋಡೆಯೆಲ್ಲ ಹೊಗೆಯಿಂದ ಕರ್ರಗಾಗಿತ್ತು, ಫೋಟೊ ತೆಗೆದುಕೊಂಡೆ. ಅಷ್ಟರಲ್ಲಿ ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. "ಅಯ್ಯ ನಮ್ಮವ್ವಾ, ಅಕ್ಕಾರ ಮಗಳು! ಲಗ್ನ ಆದಮ್ಯಾಗ ಮೊದಲ ಸಲ ಬಂದೀದಿ, ಹೊರಗ ನಿಂದರತಾರೇನ? ಬಾ ಒಳಗ" ಅಂತ ರಟ್ಟೆ ಹಿಡಿದು ಎಳೆದಳು. ನಾನು ಹೋದೆ. ಕೂತೆ. ಚಹಾನೂ ಕುಡಿದೆ.

ಆಮೇಲೆ ಮಣೆ ಹಾಕಿ ಕೂರಿಸಿ, ಸೆರಗು ಒಡ್ಡು ಎಂದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಉತ್ತತ್ತಿ, ಮೇಲೊಂದು ಕೆಂಪು ಕುಪ್ಪಸದ ಕಣ. ಉಡಿ ತುಂಬುವುದನ್ನು ಮದುವೆಯಲ್ಲಿ ನೋಡಿದ್ದೆ, ಆದರೆ ಆಗ ಫೋಟೊಗ್ರಾಫರ್ ಕಡೆ ನನ್ನ ಗಮನ. ಇದು ಎಷ್ಟು ಸ್ವೀಟ್ ಅನ್ನಿಸಿತು ಗೊತ್ತಾ! ಥ್ಯಾಂಕ್ಯೂ ಎಂದೆ. ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡೇ, ಮರೆತುಹೋಗುವ ಮುಂಚೆ ಹೇಳಿಬಿಡೋಣ ಅಂತ ಬಂದ ಕೆಲಸವನ್ನೂ ಹೇಳಿದೆ: ಕರಾರು ಮುಗಿಯಿತು, ಲೆಕ್ಚರರ್ ಬರುತ್ತಾರೆ, ಮುಂದಿನ ತಿಂಗಳು ಮನೆ ಖಾಲಿ ಮಾಡಬೇಕು.

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವಳ ಗಂಡ ಗಿರಿಮಲ್ಲಪ್ಪ ಒಳಗಿಂದ ಬಂದು, "ಹಿಂಗ ಅಂದ್ರ ಹೆಂಗವ್ವಾ? ಹೊಗಿ ಒಲಿ ಅಂದ್ರ ಯಾರೂ ಮನಿ ಕೊಡಂಗಿಲ್ಲ. ಖಾನಾವಳಿಯವರಿಗೆ ನಾ ಏನ ಹೇಳ್ಲಿ?" ಎಂದು ಶುರುಮಾಡಿದ. ಶಂಕ್ರೆವ್ವ ಅವನನ್ನು ತಡೆದಳು. "ನೀವ ಸುಮ್ಮನಿರ್ರಿ. ಉಡಿ ತುಂಬಿಸಿಕೊಂಡ ಮಗಳು ಬಾಯಿಬಿಟ್ಟ ಕೇಳ್ಯಾಳ, ಇಲ್ಲ ಅನ್ನಾಕ ಬರ್ತೈತೇನ?" ಎಂದವಳು ನನ್ನ ಕಡೆ ತಿರುಗಿ, "ಆತವ್ವಾ, ಬಿಡ್ತೇವಿ" ಎಂದಳು.

ನಾನು ಗೆದ್ದೆ ಅಂದುಕೊಂಡೆ, ಮಮ್ಮಿ! ಜಗಳವಿಲ್ಲ, ನೋಟಿಸ್ ಇಲ್ಲ! ದಾರಿಯುದ್ದಕ್ಕೂ ಇವರ ಬೆನ್ನಿಗೆ ಆತುಕೊಂಡು ಹಾಡಿದೆ. ಮನೆಗೆ ಬಂದು ಅತ್ತೆಯವರಿಗೆ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದವರು ಹಾಗೇ ಕೂತುಬಿಟ್ಟರು. "ಯವ್ವಾ! ಉಡ್ಯಾಗ ಅಕ್ಕಿ ಇಟ್ಕೊಂಡ ಮನಿ ಬಿಡ ಅಂದ್ಯಾ? ಸಾಲ್ಯಾಗ ಇದನ್ನ ಕಲಿಸ್ಯಾರೇನ ನಿನಗ? ಆ ಹೊತ್ತಿನ್ಯಾಗ ಮಗಳು ಏನ ಕೇಳಿದ್ರೂ ಕೊಡಬೇಕು. ಆಕಿ ಕೊರಳಾಗಿನ ತಾಳಿ ಒಂದ ಬಿಟ್ಟ ಎಲ್ಲಾ ಕೊಡ್ತಿದ್ದಳು!"

ನನಗೆ ಗೊತ್ತಿರಲಿಲ್ಲ. ಹಾಗೆಂದರೆ ಅತ್ತೆಯವರು, "ನಿನಗ ಗೊತ್ತಿಲ್ಲ ಅನ್ನೂದು ಆಕಿಗೆ ಹೆಂಗ ಗೊತ್ತಾಗಬೇಕು?" ಎಂದರು. ಹೊಸ್ತಿಲಲ್ಲಿ ನಿಂತು ಹೇಳಿದ್ದರೆ ಅವಳು ನನ್ನ ಜೊತೆ ಜಗಳವಾಡಬಹುದಿತ್ತು. ಇನ್ನಷ್ಟು ದಿನ ಕೊಡು ಅನ್ನಬಹುದಿತ್ತು. ನಿಮ್ಮವ್ವನ ಜೊತೆ ಮಾತಾಡ್ತೇನಿ ಅನ್ನಬಹುದಿತ್ತು. ಅದು ಯಾವುದಕ್ಕೂ ನಾನು ದಾರಿ ಬಿಡಲಿಲ್ಲ.

ನಿನ್ನೆ ದುಂಡೇಶ ಸುದ್ದಿ ತಂದ. ಅವರು ಮಹಾಲಿಂಗಪುರದಲ್ಲಿ ಮನೆ ನೋಡುತ್ತಿದ್ದಾರಂತೆ. ಅಲ್ಲಿಗೆ ಹೋದರೆ ಜಮಖಂಡಿಯ ಖಾನಾವಳಿಗಳು ಕೈಬಿಟ್ಟು ಹೋಗುತ್ತವೆ. ರೊಟ್ಟಿ ಬಡಿಯುವ ಆ ಇಬ್ಬರು ಹೆಂಗಸರೂ ಅಷ್ಟು ದೂರ ಬರುವುದಿಲ್ಲ.

ಈಗ ಹೇಳು, ನಾನು ಏನು ಮಾಡಲಿ? ಕರಾರಿನ ಪ್ರಕಾರ ನಾನು ಒಂದೂ ತಪ್ಪು ಮಾಡಿಲ್ಲ ಅಲ್ಲವಾ? ಹೋಗಿ ಇರಿ ಅನ್ನಲಾ? ಕೊಟ್ಟ ಮಾತನ್ನು ವಾಪಸ್ ತಗೋ ಅಂದರೆ ಅದು ಇನ್ನೊಂದು ಅವಮಾನವಾ? ಅಕ್ಕಿಯನ್ನು ತಿರುಗಿ ಕೊಡಬಾರದು, ಅಡಿಗೆ ಮಾಡಿ ಉಣ್ಣಬೇಕು ಅಂತ ಅತ್ತೆಯವರು ಎರಡು ದಿನದಿಂದ ಹೇಳುತ್ತಿದ್ದಾರೆ. ನಾನು ಅದನ್ನು ಕಪಾಟಿನಲ್ಲಿ ನನ್ನ ಡ್ರೆಸ್‌ಗಳ ಹಿಂದೆ ಇಟ್ಟಿದ್ದೇನೆ. ಒಳಗೆ ಯಾಕೆ ಕೂರಬಾರದು ಅಂತ ನೀನು ಒಂದು ಮಾತು ಬಿಡಿಸಿ ಹೇಳಿದ್ದರೆ! ಇಲ್ಲ, ನಿನ್ನ ಮೇಲೆ ಸಿಟ್ಟಿಲ್ಲ. ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ.

ಉತ್ತರವನ್ನು ದುಂಡೇಶನ ಕೈಯಲ್ಲೇ ಕೊಡು. ಫೋನ್ ಮಾತ್ರ ಬೇಡ.

ನಿನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಬೇಕೆನಿಸುತ್ತಿರುವ,
ರಾಜಶ್ರೀ

ತಾ.ಕ.: ಮಮ್ಮಿ, ಲೆಕ್ಚರರ್ ಅಂತ ಯಾರೂ ಇಲ್ಲ. ಆ ಮನೆಗೆ ಹೋಗಬೇಕಾದವರು ನಾವೇ, ನಾನು ಮತ್ತು ಇವರು. ಅತ್ತೆಯವರಿಗೆ ಇನ್ನೂ ಹೇಳಿಲ್ಲ, ಬಾಡಿಗೆ ಬಿಟ್ಟು ನಾನೇ ಅಲ್ಲಿ ಹೋಗಿ ಕೂತರೆ ನೀನು ಬೈಯುತ್ತೀ ಅಂತ ನಿನಗೂ ಸುಳ್ಳು ಹೇಳಿದೆ. ಭಾನುವಾರ ಶಂಕ್ರೆವ್ವ ನನ್ನನ್ನು ಕಳಿಸಲು ಬಾಗಿಲ ತನಕ ಬಂದವಳು, ಸೆರಗಿಗೆ ತಾನೇ ಗಂಟು ಹಾಕಿ, ಯಾರಿಗೂ ಕೇಳಿಸದ ಹಾಗೆ ಹೇಳಿದಳು: "ಒಲಿ ಮ್ಯಾಲಿನ ಹಲಗಿ ತೆಗಸ್ಕೋವಾ. ನಾ ಗಿಡ್ಡಾಕಿ, ನನಗ ನಡೀತಿತ್ತು. ನೀ ಎತ್ತರದಾಕಿ, ಏಳೂಮುಂದ ತಲಿಗಿ ಬಡೀತೈತಿ." ಇದನ್ನು ಇವರಿಗೆ ಹೇಳಿಲ್ಲ. ಹೇಳಿದರೆ ಆ ಮನೆಯೇ ಬೇಡ ಅನ್ನುತ್ತಾರೆ. ನನಗೆ ಇನ್ನೂ ಬೇಕು ಅನ್ನಿಸುತ್ತಿದೆ, ಮಮ್ಮಿ.